ಲಾಗ್ ಗೆರೆಯ ಬಲ ತುದಿ

ಹೋದ ಬೇಸಿಗೆಯಲ್ಲಿ ಬಸವಕಲ್ಯಾಣದ ನಮ್ಮ ಮನೆಯ ಹಿತ್ತಲಲ್ಲಿ ನೀರಿನ ಸಂಪು ತೋಡಿಸಿದೆ. ಮೇಲಿನ ಕಪ್ಪು ಮಣ್ಣು ಒಂದೇ ದಿನಕ್ಕೆ ಮುಗಿದು ಕೆಳಗೆ ಹರಳುಗಲ್ಲು ಬೆರೆತ ಕೆಂಪು ಮಣ್ಣು, ಮುರುಮು, ಸಿಕ್ಕಿತು. ಗಟ್ಟಿಯಿದೆಯೆಂದು ಕೆಲಸದವರು ಸಂಜೆ ಅದಕ್ಕೆ ಎರಡು ಕೊಡ ನೀರು ಹೊಯ್ದು ಹೋಗಿದ್ದರು. ಬೆಳಿಗ್ಗೆ ಹಾರೆ ಬಿದ್ದದ್ದೇ ತಡ, ಹಸಿ ಮುರುಮಿನ ವಾಸನೆ ಅಡುಗೆಮನೆಯವರೆಗೂ ಬಂತು. ಕಾದ ಕಬ್ಬಿಣದ ಹಂಚಿಗೆ ನೀರು ಚಿಮುಕಿಸಿದಾಗ ಏಳುವಂಥ ವಾಸನೆ. ನಾನು ಕಟ್ಟೆಯ ಮೇಲೆ ನಿಂತು, ಇನ್ನೂ ಎಷ್ಟು ದಿನ ಹಿಡಿಯುತ್ತದೆ ಎಂದು ಸ್ವಲ್ಪ ಬೇಸರದಲ್ಲೇ ಕೇಳಿದೆ. ಕುಣಿಯೊಳಗಿನ ಹಿರಿಯ ತಲೆ ಎತ್ತದೆ ಹೇಳಿದ: "ಆಳ ನೀವು ಹೇಳ್ರಿ, ದಿನ ನಾ ಹೇಳ್ತೀನಿ."

ನಾನು ಅಲ್ಲೇ ಕುಳಿತುಬಿಟ್ಟೆ. ಹೆಂಡತಿ ಬಂದು ಬಿಪಿ ಗುಳಿಗೆ ತೊಗೊಂಡಿಲ್ಲವೇನು ಎಂದಳು. ಇದು ಬಿಪಿಯಲ್ಲ, ಗಣಿತ ಎಂದೆ. ಅವಳು ನಕ್ಕು ಒಳಗೆ ಹೋದಳು. ನನಗೆ ನಗು ಬರಲಿಲ್ಲ. ಈ ಮಾತನ್ನು ನನಗೆ ಮೊದಲು ಹೇಳಿದವಳು ನನ್ನದೇ ಒಬ್ಬ ವಿದ್ಯಾರ್ಥಿನಿ. ಹೇಳಿದ ದಿನ ನಾನು ಅವಳನ್ನು ಅವಮಾನ ಮಾಡಿ ಕಳಿಸಿದ್ದೆ.

ಅದು ತೊಂಬತ್ತೆಂಟರ ಚಳಿಗಾಲ. ನಾನು ಕೆಮಿಸ್ಟ್ರಿ ಮುಖ್ಯ ವಿಷಯವಾಗಿ ಓದಿದ ಬಿ.ಎಸ್ಸಿ. ಪದವೀಧರ. ಹುಮನಾಬಾದಿನ ಔಷಧಿ ಕಾರ್ಖಾನೆಗಳಲ್ಲಿ ಯಾವುದಾದರೊಂದರ ಬಿಳಿ ಕೋಟು ಹಾಕಿಕೊಂಡು ಗಾಜಿನ ನಳಿಗೆ ಹಿಡಿಯುವ ಕನಸು ನನ್ನದು. ಕೋಟು ಸಿಗಲಿಲ್ಲ. ಅದೇ ಊರಿನ ಒಂದು ಖಾಸಗಿ ಪಿಯು ಕಾಲೇಜಿನಲ್ಲಿ ಗಣಿತದ ಮೇಷ್ಟ್ರು ನಡುವರ್ಷದಲ್ಲಿ ಬಿಟ್ಟು ಹೋಗಿದ್ದರು. ಪದವಿಯಲ್ಲಿ ಗಣಿತವೂ ಇತ್ತಲ್ಲ, ಒಂದು ವರ್ಷ ದಾಟಿಸಿಬಿಡಿ ಎಂದು ಪ್ರಿನ್ಸಿಪಾಲರು ಕೈಗೆ ಸೀಮೆಸುಣ್ಣ ಕೊಟ್ಟರು. ನನ್ನ ಅಪ್ಪನದು ಬಸವಕಲ್ಯಾಣದ ಕೋಟೆಯ ಹತ್ತಿರ ಬಟ್ಟೆ ಅಂಗಡಿ. ಮಗ ಲೆಕ್ಚರರ್ ಆದನೆಂದು ಆತ ನಾಲ್ಕು ಜನಕ್ಕೆ ಹೇಳಿದ್ದೇ, ನನ್ನ ತಲೆ ತಿರುಗಿತು. ಇಸ್ತ್ರಿ ಮಾಡಿದ ಅಂಗಿ, ಕಿಸೆಯಲ್ಲಿ ಎರಡು ಪೆನ್ನು, ಮೂಗಿನ ತುದಿಯಲ್ಲಿ ಸಿಟ್ಟು.

ದಿನಾ ಮುಂಜಾನೆ ಬಸ್ಸಿನಲ್ಲಿ ಬಂಗ್ಲಾ ದಾಟಿ, ರಾಜೇಶ್ವರ ದಾಟಿ ಹೋಗುತ್ತಿದ್ದೆ. ರಸ್ತೆಯ ಎರಡೂ ಬದಿಗೆ ತೊಗರಿ ಒಣಗಿ ನಿಂತಿರುತ್ತಿತ್ತು. ಹುಮನಾಬಾದ್ ಹತ್ತಿರ ಬಂತೆಂದು ಕಣ್ಣು ಮುಚ್ಚಿಕೊಂಡೇ ತಿಳಿಯುತ್ತಿತ್ತು. ಮೊದಲು ಕಾರ್ಖಾನೆಗಳ ಕಡೆಯಿಂದ ಮೂಗು ಸುಡುವ ಗಾಳಿ, ಆಮೇಲೆ ಕಾಳುಕಡಿ ಮಾರುವ ಅಡತಿ ಬಜಾರಿನ ತೊಗರಿ ಧೂಳು. ತಂಪು ಹೊತ್ತಿನ ಆ ಬಸ್ಸು, ಕಿಟಕಿಯ ಪಕ್ಕದ ಸೀಟು, ತೊಡೆಯ ಮೇಲೆ ತೆರೆದಿಟ್ಟ ಪುಸ್ತಕ, ಇವತ್ತು ನೆನೆದರೂ ಹಿತವಾಗುತ್ತದೆ. ಆ ವಯಸ್ಸಿನಲ್ಲಿ ಮನುಷ್ಯ ತನಗೆ ಎಲ್ಲ ಗೊತ್ತು ಎಂದುಕೊಂಡೇ ಬಸ್ಸು ಹತ್ತುತ್ತಾನೆ.

ಡಿಸೆಂಬರಿನಲ್ಲಿ ಲಾಗರಿದಂ ಗೆರೆಯ ಎರಡು ತುದಿಗಳ ಪಾಠ ಬಂತು. ಎಡ ತುದಿಯನ್ನು ಚೆನ್ನಾಗಿಯೇ ಕಲಿಸಿದೆ. ಎಕ್ಸ್ ಅನ್ನು ಬಲಗಡೆಯಿಂದ ಸೊನ್ನೆಗೆ ಹತ್ತಿರ ತಂದಷ್ಟೂ ಲಾಗ್ ಕೆಳಗೆ, ಇನ್ನೂ ಕೆಳಗೆ ಬೀಳುತ್ತದೆ, ಅದರ ಲಿಮಿಟ್ ಋಣ ಅನಂತ ಎಂದು ಹೇಳುತ್ತ ಸೀಮೆಸುಣ್ಣವನ್ನು ಬೋರ್ಡಿನಿಂದ ಗೋಡೆಗೆ, ಗೋಡೆಯಿಂದ ನೆಲಕ್ಕೆ ಎಳೆದುಕೊಂಡು ಹೋದೆ. ಹುಡುಗರು ನಕ್ಕರು, ನನಗೂ ಹುರುಪು ಬಂತು. ಬಲ ತುದಿಗೆ ಬಂದಾಗ ಎಡವಿದೆ. ಎಕ್ಸ್ ದೊಡ್ಡದಾಗುತ್ತ ಹೋದಂತೆ ಗೆರೆಯ ಏರು ಒಂದು ಭಾಗಿಸು ಎಕ್ಸ್, ಅಂದರೆ ಸೊನ್ನೆಯ ಕಡೆ ಹೋಗುತ್ತದೆ. ಇಷ್ಟು ಖರೆ. ಏರೇ ಇಲ್ಲದಂತಾದ ಮೇಲೆ ಗೆರೆ ಚಪ್ಪಟೆಯಾಗಿ ಯಾವುದೋ ಒಂದು ಎತ್ತರದಲ್ಲಿ ನೆಲೆ ನಿಲ್ಲಲೇಬೇಕು ಎಂದು ನಾನೇ ತೀರ್ಮಾನಿಸಿಕೊಂಡೆ. ಮೇಲೊಂದು ಚುಕ್ಕೆ ಚುಕ್ಕೆಯ ಅಡ್ಡಗೆರೆ ಎಳೆದು, ಲಾಗ್ ಇದನ್ನು ದಾಟುವುದಿಲ್ಲ ಎಂದು ಬರೆಸಿದೆ. ಎಷ್ಟು ಎತ್ತರದಲ್ಲಿ ಎಂದು ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಆ ದಿನ ತರಗತಿಯಲ್ಲಿ ಇಲ್ಲದವಳು ಸುಜಾತಾ ಒಬ್ಬಳೇ. ಅವಳು ಬಸವಕಲ್ಯಾಣದ ಹತ್ತಿರದ ಮೋರಖಂಡಿ ಹಳ್ಳಿಯವಳು. ಹುಮನಾಬಾದಿನ ಕಾರ್ಖಾನೆಯೊಂದರಲ್ಲಿ ಬಾಟಲಿ ತೊಳೆಯುವ ಸೋದರತ್ತೆಯ ಮನೆಯಲ್ಲಿದ್ದು ಓದುತ್ತಿದ್ದಳು. ಅಪ್ಪ ಅಂಬಾದಾಸ ಮಂದಿಯ ಹೊಲಗಳಲ್ಲಿ ಬಾವಿ ತೋಡುವವನು. ಆ ವರ್ಷ ತನ್ನ ಸ್ವಂತದ ಎರಡೆಕರೆ ತುಂಡಿನಲ್ಲಿ ಬಾವಿ ತೋಡುತ್ತಿದ್ದ. ತಾಯಿ ಒಬ್ಬಳಿಂದ ಬುಟ್ಟಿ ಹೊರುವುದು ಆಗದೆ ಮಗಳು ಆಗಾಗ ಊರಿಗೆ ಹೋಗುತ್ತಿದ್ದಳು, ಪಾಠ ತಪ್ಪುತ್ತಿತ್ತು. ಹತ್ತನೆಯವರೆಗೆ ಕನ್ನಡದಲ್ಲಿ ಓದಿದವಳಿಗೆ ಇಲ್ಲಿ ಎಲ್ಲವೂ ಇಂಗ್ಲಿಷು. ಮೂರನೆಯ ಬೆಂಚಿನ ಗೋಡೆ ಬದಿಗೆ ಕುಳಿತು, ಬಾಯಿ ಬಿಡದೆ ಬರೆದುಕೊಳ್ಳುತ್ತಿದ್ದ ಹುಡುಗಿ.

ಜನವರಿಯಲ್ಲಿ ಪ್ರಿಪರೇಟರಿ ಪರೀಕ್ಷೆ. ನಮ್ಮ ಕಾಲೇಜಿನಲ್ಲಿ ಒಂದು ಕಟ್ಟುನಿಟ್ಟು ಪದ್ಧತಿ ಇತ್ತು. ಪ್ರಿಪರೇಟರಿಯಲ್ಲಿ ಮೂವತ್ತೈದು ಬಾರದವರನ್ನು ಆ ವರ್ಷ ಬೋರ್ಡಿನ ಪರೀಕ್ಷೆಗೆ ಕೂರಿಸುತ್ತಿರಲಿಲ್ಲ, ಕಾಲೇಜಿನ ಫಲಿತಾಂಶ ಕೆಡುತ್ತದೆಂದು. ನಾನು ಲಾಗ್ ಗೆರೆಯ ಎರಡೂ ತುದಿ ಕೇಳಿ ಐದು ಅಂಕದ ಪ್ರಶ್ನೆ ಕೊಟ್ಟಿದ್ದೆ. ಎಲ್ಲರೂ ನಾನು ಬರೆಸಿದ ಅಡ್ಡಗೆರೆಯನ್ನು ಶಿಸ್ತಾಗಿ ಎಳೆದಿದ್ದರು. ಸುಜಾತಾಳ ಚಿತ್ರದಲ್ಲಿ ಅಡ್ಡಗೆರೆ ಇರಲಿಲ್ಲ. ಕೆಳಗೆ ಅರ್ಧ ಇಂಗ್ಲಿಷ್, ಅರ್ಧ ಕನ್ನಡದಲ್ಲಿ, ಎಕ್ಸ್ ದುಪ್ಪಟ್ಟು ಮಾಡಿದಾಗಲೆಲ್ಲ ಲಾಗ್ ಒಂದೇ ಅಳತೆಯಷ್ಟು ಹೆಚ್ಚುತ್ತದೆ, ದುಪ್ಪಟ್ಟು ಮಾಡುವುದಕ್ಕೆ ಕೊನೆಯಿಲ್ಲ, ಹಾಗಾಗಿ ಇದಕ್ಕೂ ಕೊನೆಯಿಲ್ಲ, ಲಿಮಿಟ್ ಅನಂತ ಎಂದು ಬರೆದಿದ್ದಳು. ನಾನು ಎಡ ತುದಿಗೆ ಎರಡು ಅಂಕ ಕೊಟ್ಟು, ಬಲ ತುದಿಗೆ ಕೆಂಪು ಶಾಯಿಯಲ್ಲಿ ದುಂಡಗೆ ಸೊನ್ನೆ ಬರೆದೆ. ಒಟ್ಟು ಮೂವತ್ತೆರಡು.

ಬುಧವಾರ ಪೇಪರು ಹಂಚಿದ ಮೇಲೆ ಅವಳು ಸ್ಟಾಫ್ ರೂಮಿಗೆ ಬಂದಳು. ಇಬ್ಬರು ಹಿರಿಯ ಲೆಕ್ಚರರುಗಳು ಚಹಾ ಕುಡಿಯುತ್ತಿದ್ದರು. ಬಲ ತುದಿಗೆ ಸೊನ್ನೆ ಯಾಕೆ ಎಂದು ಕೇಳಿದಳು. ಗೆರೆ ಚಪ್ಪಟೆಯಾಗುವುದು ಕಣ್ಣಿಗೆ ಕಾಣುವುದಿಲ್ಲವೇನು ಎಂದು ನಾನು ಗದರಿದೆ. ಅವಳು ಹೆದರಿದ್ದಳು, ಆದರೂ ಮಾತು ತಡೆಯಲಿಲ್ಲ.

"ಚಪ್ಪಟ್ ಆಗ್ತದ್ರಿ ಸರ್. ಆದ್ರ ನಿಂದರಂಗಿಲ್ಲ. ನಮ್ಮಪ್ಪನ ಬಾವೀನೂ ಹಂಗ ಅದ. ಒಂದಾಳು ಆಳಕ್ಕ, ಅಂದ್ರ ಒಬ್ಬ ಮನಷ್ಯಾನ ಎತ್ತರಕ್ಕ, ನಾಕ ದಿನ ಹಿಡದ್ರ ಮುಂದಿನ ಆಳಿಗೆ ಎಂಟ ದಿನ, ಅದರ ಮುಂದಿಂದಕ್ಕ ಹದಿನಾರು. ನಿಧಾನ ಆಗ್ತದ, ಖರೆ ನಿಂದರಂಗಿಲ್ಲ. ಆಳ ನೀವು ಹೇಳ್ರಿ, ದಿನ ನಾ ಹೇಳ್ತೀನಿ."

ಚಹಾ ಕುಡಿಯುತ್ತಿದ್ದವರು ನಕ್ಕರು. ಅವಳನ್ನು ನೋಡಿ ನಕ್ಕರೋ ನನ್ನನ್ನು ನೋಡಿಯೋ ತಿಳಿಯಲಿಲ್ಲ. ನನ್ನ ಕಿವಿ ಬಿಸಿಯಾಯಿತು.

"ಬಾವಿ ತೋಡೋ ಲೆಕ್ಕ ಬಾವ್ಯಾಗೇ ಇರ್ಲಿ. ಇದು ಕಾಲೇಜು," ಎಂದೆ.

ಆ ಮಾತಿನಲ್ಲಿ ಗಣಿತ ಇರಲಿಲ್ಲ. ನಮ್ಮ ಮನೆ ಯಾವುದು, ಅವಳ ಮನೆ ಯಾವುದು ಎಂಬುದಷ್ಟೇ ಇತ್ತು. ಅವಳಿಗೂ ಅದು ತಿಳಿಯಿತು. ಪೇಪರನ್ನು ನಾಲ್ಕು ಮಡಿಕೆ ಮಾಡಿ ಕೈಯಲ್ಲಿ ಹಿಡಿದುಕೊಂಡು ಹೊರಗೆ ಹೋದಳು.

ಸಂಜೆಯ ಬಸ್ಸಿನಲ್ಲಿ ನಾನು ಲಾಗ್ ಟೇಬಲ್ಲಿನ ತೆಳು ಪುಸ್ತಕ ತೆಗೆದೆ. ಅವಳ ತಪ್ಪನ್ನು ಅಂಕಿಯಲ್ಲೇ ತೋರಿಸಿಬಿಡಬೇಕೆಂಬ ಹಟ. ಲಾಗ್ ಎಲ್ಲಿ ನಿಲ್ಲುತ್ತದೆಂದು ಹುಡುಕತೊಡಗಿದೆ. ಹತ್ತರ ಲಾಗ್ ಒಂದು. ನೂರಕ್ಕೆ ಎರಡು. ಸಾವಿರಕ್ಕೆ ಮೂರು. ಬಸ್ ಟಿಕೆಟ್ಟಿನ ಹಿಂಬದಿಗೆ ಸೊನ್ನೆಗಳನ್ನು ಬರೆಯುತ್ತ ಹೋದೆ. ಐದಕ್ಕೆ ನಿಲ್ಲುತ್ತದೆಯೇ? ಲಕ್ಷ ಹಾಕಿದರೆ ಐದು ಮುಟ್ಟುತ್ತದೆ. ಏಳಕ್ಕೆ? ಕೋಟಿ ಹಾಕಿದರೆ ಏಳು. ಪಕ್ಕದವನು ಇಣುಕಿ ನೋಡಿ, ಲಾಟರಿ ನಂಬರೇನ್ರಿ ಎಂದು ವಿಚಾರಿಸಿದ. ರಾಜೇಶ್ವರ ದಾಟುವಷ್ಟರಲ್ಲಿ ನನ್ನ ಕೈ ನಿಂತಿತು. ಯಾವ ಎತ್ತರ ಹೇಳಿದರೂ ಒಂದರ ಮುಂದೆ ಅಷ್ಟು ಸೊನ್ನೆ ಬರೆದರೆ ಸಾಕು, ಲಾಗ್ ಅಲ್ಲಿಗೆ ಮುಟ್ಟುತ್ತದೆ. ಇನ್ನೊಂದು ಸೊನ್ನೆ ಬರೆದರೆ ದಾಟುತ್ತದೆ. ಇದನ್ನು ಜೂನ್ ತಿಂಗಳಲ್ಲೇ ಹಿಂದಿನ ಮೇಷ್ಟ್ರಿಂದ ಎಲ್ಲ ಮಕ್ಕಳೂ ಕಲಿತಿದ್ದರು, ಬಂದ ಮೇಲೆ ನಾನೂ ಹತ್ತು ಸಲ ಹೇಳಿದ್ದೆ. ಏರು ಸೊನ್ನೆಗೆ ಹತ್ತಿರವಾಗುವುದೇ ಬೇರೆ, ಏರುವುದು ನಿಲ್ಲುವುದೇ ಬೇರೆ. ಬೀಳುವುದು ಯಾರ ಕಣ್ಣಿಗೂ ಕಾಣುತ್ತದೆ, ಹಾಗಾಗಿ ಎಡ ತುದಿಯನ್ನು ನಾನು ನಂಬಿದ್ದೆ. ಇಷ್ಟು ನಿಧಾನವಾಗಿ ಏರುವುದನ್ನು ನಂಬಿರಲಿಲ್ಲ. ನಾಚಿಕೆಯಿಂದ ಟಿಕೆಟ್ಟನ್ನು ಮಡಿಸಿ ಪುಸ್ತಕದೊಳಗೆ ಇಟ್ಟುಬಿಟ್ಟೆ.

ಗುರುವಾರ ಸುಜಾತಾ ಕಾಲೇಜಿಗೆ ಬರಲಿಲ್ಲ. ಅತ್ತೆಯ ಮನೆಯಿಂದ ಪೆಟ್ಟಿಗೆ ತೆಗೆದುಕೊಂಡೇ ಊರಿಗೆ ಹೋದಳೆಂದು ಜೊತೆಯ ಹುಡುಗಿಯರು ಹೇಳಿದರು. ಶನಿವಾರ ಪ್ರಿನ್ಸಿಪಾಲರು ಬೋರ್ಡಿನ ಪರೀಕ್ಷೆಗೆ ಕೂರುವವರ ಪಟ್ಟಿ ಮುಗಿಸುವವರಿದ್ದರು. ಚಹಾ ಕುಡಿಯುತ್ತಿದ್ದ ಹಿರಿಯರಲ್ಲಿ ಒಬ್ಬರಿಗೆ ವಿಷಯ ಹೇಳಿದೆ. ಅವರು ಒಳ್ಳೆಯ ಮನುಷ್ಯರೇ, ನನ್ನ ಮೇಲೆ ಕನಿಕರಪಟ್ಟರು. ಮೂರು ಗ್ರೇಸ್ ಅಂಕ ಹಾಕಿ ಪಾಸು ಮಾಡಿಬಿಡಿ, ತಪ್ಪು ಎಂದು ಬಾಯಿ ಬಿಟ್ಟು ಹೇಳಿದರೆ ನಾಳೆಯಿಂದ ಹುಡುಗರು ನಿಮ್ಮ ಮಾತು ಕೇಳುತ್ತಾರೆಯೇ ಎಂದರು. ನನಗೆ ಆ ದಾರಿ ಬಹಳ ಹಿಡಿಸಿತು. ಅವಳ ವರ್ಷವೂ ಉಳಿಯುತ್ತದೆ, ನನ್ನ ಮುಖವೂ ಉಳಿಯುತ್ತದೆ.

ಶುಕ್ರವಾರ ರಜೆ ಹಾಕಿ ಅಪ್ಪನ ಸೈಕಲ್ ಹೊಡೆದುಕೊಂಡು ಮೋರಖಂಡಿಗೆ ಹೋದೆ. ಊರಾಚೆ, ಬಿಳಿಜೋಳದ ಹೊಲಗಳ ನಡುವೆ, ಕೆಂಪು ಮುರುಮಿನ ಗುಡ್ಡೆ ದೂರದಿಂದಲೇ ಕಂಡಿತು. ಹತ್ತಿರ ಹೋದಂತೆ ಆ ವಾಸನೆ. ರಾತ್ರಿ ನೀರು ಹೊಯ್ದು ಮೆತ್ತಗೆ ಮಾಡಿದ ಮುರುಮನ್ನು ಕೆಳಗೆ ಅಂಬಾದಾಸ ಅಗೆಯುತ್ತಿದ್ದ, ಮೇಲೆ ತಾಯಿ ಮಗಳು ರಾಟೆಯಿಂದ ಬುಟ್ಟಿ ಎಳೆಯುತ್ತಿದ್ದರು. ನನ್ನನ್ನು ಕಂಡು ಸುಜಾತಾ ಹಗ್ಗ ಬಿಡದೆ ನಿಂತಳು. ಸೆರಗಿನ ತುಂಬ ಕೆಂಪು.

ಅಂಬಾದಾಸ ಹಗ್ಗ ಹಿಡಿದು ಮೇಲೆ ಬಂದ. ಮಗಳ ಮಾಸ್ತರ ಹೊಲದ ತನಕ ಬಂದರೆಂದು ಅವನಿಗೆ ಗಾಬರಿಯೂ ಸಂತೋಷವೂ ಆಗಿತ್ತು. ಬೇವಿನ ಗಿಡದ ಕೆಳಗೆ ಗೋಣಿ ಹಾಸಿ ಕೂರಿಸಿ, ಹೆಂಡತಿಗೆ ಕಣ್ಣಿನಲ್ಲೇ ಹೇಳಿ ತಂಬಿಗೆಯಲ್ಲಿ ನೀರು ತರಿಸಿದ. ಈಗಷ್ಟೇ ಕುಡಿದು ಬಂದೆ ಎಂದೆ. ಬಿಸಿಲಿನಲ್ಲಿ ಅಷ್ಟು ದೂರ ಸೈಕಲ್ ತುಳಿದು ಬಂದವನ ಗಂಟಲು ಒಣಗಿ ಹೋಗಿತ್ತು. ಆದರೂ ಹಾಗೆಂದೆ. ಅವನು ತಂಬಿಗೆಯನ್ನು ಪಕ್ಕಕ್ಕೆ ಇಟ್ಟ.

ಗಿಡದ ಬುಡಕ್ಕೆ ಒರಗಿಸಿದ್ದ ಚಪ್ಪಡಿಯ ಮೇಲೆ ಇದ್ದಿಲಿನ ಗೀಟುಗಳಿದ್ದವು, ದಿನಕ್ಕೊಂದು. ಒಂದೊಂದು ಆಳು ಆಳ ಮುಗಿದಾಗಲೂ ಹೊಸ ಸಾಲು. ಮೊದಲ ಸಾಲಿನಲ್ಲಿ ನಾಲ್ಕು ಗೀಟು, ಎರಡನೆಯದರಲ್ಲಿ ಒಂಬತ್ತು, ಮೂರನೆಯದರಲ್ಲಿ ಹದಿನೈದು, ನಾಲ್ಕನೆಯದು ಚಪ್ಪಡಿಯ ಅಂಚಿನವರೆಗೆ. ಐದನೆಯ ಸಾಲು ಅರ್ಧಕ್ಕೆ ಬಂದಿತ್ತು. ಲೆಕ್ಕ ಪೂರ್ತಿ ದುಪ್ಪಟ್ಟಿನದಲ್ಲ, ಆದರೆ ಅದೇ ಧಾಟಿ. ಕೆಳಗೆ ಹೋದಂತೆ ಮುರುಮು ಗಟ್ಟಿ, ಬುಟ್ಟಿ ಮೇಲೆ ಬರುವ ದಾರಿಯೂ ಉದ್ದ. ದಿನಗಳನ್ನು ಅಡ್ಡಕ್ಕೆ ಹಾಕಿ ಆಳವನ್ನು ಉದ್ದಕ್ಕೆ ಹಾಕಿದರೆ ನನ್ನ ಬೋರ್ಡಿನ ಗೆರೆಯೇ ಬರುತ್ತದೆ. ಇಲ್ಲಿ ನೀರಿಲ್ಲ, ಬಿಟ್ಟುಬಿಡು ಅಂತ ಊರವರು ಹೇಳುತ್ತಾರಂತೆ. ಎಷ್ಟು ಆಳಕ್ಕೆ ನಿಲ್ಲಿಸುತ್ತೀರಿ ಎಂದು ಕೇಳಿದೆ.

"ನಿಲ್ಸೋದು ಹ್ಯಾಂಗ್ರಿ ಸರ್ರ," ಎಂದ ಅಂಬಾದಾಸ. "ಬಾವಿ ತಾನಾಗೇ ನಿಂದರಂಗಿಲ್ಲ. ನಾವು ಬಿಟ್ರ ನಿಂದರ್ತದ."

ನಾನು ಸುಜಾತಾಳಿಗೆ ಮೂರು ಗ್ರೇಸ್ ಅಂಕ ಹಾಕುತ್ತೇನೆ, ಪಾಸಾಗುತ್ತೀ, ನಾಳೆ ಬಾ ಎಂದೆ. ಅವಳು ಹೊಲದಂಚಿನ ಗುಡಿಸಲಿಗೆ ಹೋಗಿ ಆ ಪೇಪರು ತಂದಳು. ನಾಲ್ಕು ಮಡಿಕೆಯನ್ನೂ ಬಿಚ್ಚಿ ನನ್ನ ಮುಂದೆ ಹಿಡಿದಳು.

"ಗ್ರೇಸ್ ಬ್ಯಾಡ್ರಿ ಸರ್. ನಾ ಬರದದ್ದು ತಪ್ಪಿದ್ರ ಸೊನ್ನಿ ಹಂಗೇ ಇರ್ಲಿ. ಖರೇ ಇದ್ರ ಅದಕ್ಕ ಮಾರ್ಕ್ ಕೊಡ್ರಿ."

ಅಪ್ಪ ಅಮ್ಮ ಇಬ್ಬರೂ ನನ್ನ ಮುಖ ನೋಡುತ್ತಿದ್ದರು. ನನಗೆ ಬೇರೆ ದಾರಿ ಉಳಿಯಲಿಲ್ಲ. "ಖರೇ ಅದ," ಎಂದೆ. ಕಿಸೆಯಿಂದ ಕೆಂಪು ಪೆನ್ನು ತೆಗೆದು ಸೊನ್ನೆಯ ಮೇಲೆ ಗೀಟು ಎಳೆದು, ಮೂರು ಬರೆದು, ಪಕ್ಕದಲ್ಲಿ ಸಹಿ ಹಾಕಿದೆ. ಅವಳು ಶಾಯಿ ಒಣಗುವ ತನಕ ಪೇಪರನ್ನು ಬಿಸಿಲಿಗೆ ಹಿಡಿದು ನಿಂತಿದ್ದಳು.

ಶನಿವಾರ ಪ್ರಿನ್ಸಿಪಾಲರು ಬಹಳ ಗೊಣಗಿದರು. ಹಾಗಾದರೆ ಅಡ್ಡಗೆರೆ ಎಳೆದ ಉಳಿದವರ ಅಂಕ ಕಡಿಯಬೇಕಲ್ಲ ಎಂದರು. ಅವರು ನಾನು ಬರೆಸಿದ್ದನ್ನೇ ಬರೆದಿದ್ದಾರೆ, ತಪ್ಪು ಅವರದಲ್ಲ, ನನ್ನದು ಎಂದು ಬರೆದುಕೊಟ್ಟೆ. ಆಮೇಲೆ ತರಗತಿಗೆ ಹೋಗಿ ಅದೇ ಗೆರೆಯನ್ನು ಮತ್ತೆ ಎಳೆದೆ, ಅಡ್ಡಗೆರೆಯನ್ನು ಎಲ್ಲರೆದುರು ಒರೆಸಿದೆ. ಒಂದು ಎತ್ತರ ಹೇಳಿರಿ, ಲಾಗ್ ಅದನ್ನು ದಾಟುವ ಎಕ್ಸ್ ಅನ್ನು ಸುಜಾತಾ ಹೇಳುತ್ತಾಳೆ ಎಂದೆ. ಒಬ್ಬ ಹತ್ತು ಎಂದ, ಇನ್ನೊಬ್ಬ ನೂರು ಎಂದ. ಹಿಂದಿನ ಬೆಂಚಿನವನೊಬ್ಬ ಚೇಷ್ಟೆಗೆ ಸಾವಿರ ಎಂದ. ಅವಳು ಎದ್ದು ನಿಂತು, ಒಂದರ ಮುಂದೆ ಸಾವಿರದ ಒಂದು ಸೊನ್ನಿ ಬರೀರಿ ಎಂದಳು. ಸೀಮೆಸುಣ್ಣ ಹಿಡಿದು ನಾನು ಬೋರ್ಡಿನ ಅಂಚು ದಾಟಿ, ಗೋಡೆಯ ಮೇಲೆ, ಕಿಟಕಿಯವರೆಗೂ ಗೆರೆಯನ್ನು ಎಳೆದುಕೊಂಡು ಹೋದೆ. ಅಷ್ಟು ದೂರಕ್ಕೆ ಅದು ಏರಿದ್ದು ಒಂದು ಬೆರಳಿನಷ್ಟು. ಗೋಡೆ ಹೊಲಸು ಮಾಡಿದಿರೆಂದು ಕಾಲೇಜಿನ ಸಿಪಾಯಿ ಸಿಟ್ಟಾದ. ಸುಣ್ಣ ಬಳಿಯುವ ತನಕ ಆ ಗೆರೆ ಅಲ್ಲೇ ಇತ್ತು. ಹುಡುಗರು ನನ್ನ ಮಾತು ಕೇಳುವುದನ್ನು ಬಿಡಲಿಲ್ಲ. ಪ್ರಶ್ನೆ ಕೇಳುವುದನ್ನು ಮಾತ್ರ ಶುರು ಮಾಡಿದರು.

ಸುಜಾತಾ ಬೋರ್ಡಿನ ಪರೀಕ್ಷೆಗೆ ಕೂತಳು, ಪಾಸಾದಳು. ಮುಂದೆ ಓದಲು ಬೀದರಿಗೆ ಹೋದಳೆಂದು ತಿಳಿಯಿತು. ನಾನೂ ಬಿಳಿ ಕೋಟಿನ ಆಸೆ ಬಿಟ್ಟು ಗಣಿತದಲ್ಲಿ ಎಂ.ಎಸ್ಸಿ. ಮಾಡಿಕೊಂಡೆ. ಅಂಕ ತಿದ್ದಿದೆ, ಗೆರೆ ತಿದ್ದಿದೆ. ಸ್ಟಾಫ್ ರೂಮಿನಲ್ಲಿ ಆಡಿದ ಆ ಮಾತನ್ನು ಮಾತ್ರ ತಿದ್ದಲಿಲ್ಲ. ಬೇವಿನ ಗಿಡದ ಕೆಳಗೂ ಆಗಲಿಲ್ಲ, ತರಗತಿಯಲ್ಲೂ ಆಗಲಿಲ್ಲ. ಪ್ರತಿ ಡಿಸೆಂಬರಿನಲ್ಲಿ ಆ ಪಾಠ ಬಂದಾಗ ನೆನಪಾಗಿ ಚುಚ್ಚುತ್ತಿತ್ತು.

ಎರಡು ಸಾವಿರದ ಆರರ ಸುಮಾರಿಗೆ ಒಂದು ಮಧ್ಯಾಹ್ನ ಹುಮನಾಬಾದ್ ಬಸ್ ನಿಲ್ದಾಣದಲ್ಲಿ ಯಾರೋ ಸರ್ ಎಂದು ಕರೆದರು. ಸುಜಾತಾ. ಹೆಗಲಿಗೆ ಚೀಲ, ಕೈಯಲ್ಲಿ ಪೇಪರಿನ ಕಟ್ಟು. ಮಂಠಾಳದ ಕಡೆ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದೇನೆ ಎಂದಳು. ಮನೆ, ಮಕ್ಕಳು, ವರ್ಗಾವಣೆ ಎಂದು ಅದೂ ಇದೂ ಮಾತಾಡಿದೆವು. ಅವಳ ಬಸ್ಸು ಬರುವ ಹೊತ್ತಾಯಿತು. ಈಗ ಹೇಳದಿದ್ದರೆ ಇನ್ನು ಆಗುವುದಿಲ್ಲ ಎನಿಸಿತು.

"ಅವತ್ತು ಸ್ಟಾಫ್ ರೂಮಿನ್ಯಾಗ ನಾ ಅಂದ ಮಾತು ತಪ್ಪಾಗಿತ್ತು, ಸುಜಾತಾ. ಅದು ಲೆಕ್ಕದ ತಪ್ಪಲ್ಲ."

"ಯಾವ ಮಾತ್ರಿ ಸರ್?" ಎಂದಳು.

ಅವಳಿಗೆ ನೆನಪಿತ್ತು, ಕಣ್ಣಿನಲ್ಲಿ ಕಾಣುತ್ತಿತ್ತು. ನಾನೇ ಹೇಳಬೇಕೆಂದು ಕಾಯುತ್ತಿದ್ದಳು. ಆ ಮಾತನ್ನು ಬಾಯಿ ಬಿಟ್ಟು ಪೂರ್ತಿಯಾಗಿ ಇನ್ನೊಮ್ಮೆ ಹೇಳಿದೆ. ಅಷ್ಟು ಜನರ ನಡುವೆ ಅದು ನನ್ನ ಕಿವಿಗೇ ಎಷ್ಟು ಕೆಟ್ಟದಾಗಿ ಕೇಳಿಸಿತೆಂದರೆ ತಲೆ ತಗ್ಗಿಸಿದೆ. ಅವಳು ಪೇಪರಿನ ಕಟ್ಟನ್ನು ಚೀಲಕ್ಕೆ ಹಾಕಿಕೊಂಡಳು. ಬಸ್ಸು ಬಂತು. ಮೆಟ್ಟಿಲ ಮೇಲೆ ಕಾಲಿಟ್ಟು ತಿರುಗಿದಳು.

"ನೀರು ಬಿತ್ರಿ ಸರ್, ಆರನೇ ಆಳಿಗೆ. ನೀವು ಬಂದು ಹೋದ ಮ್ಯಾಲ ಮೂರು ಬ್ಯಾಸಗಿ ಹಿಡೀತು. ಒಮ್ಮೆ ಬಂದು ಕುಡದು ಹೋಗ್ರಿ."

ಮುಂದಿನ ಭಾನುವಾರ ಹೋದೆ. ಬೇವಿನ ಗಿಡ ದೊಡ್ಡದಾಗಿತ್ತು, ಚಪ್ಪಡಿಯ ಮೇಲಿನ ಇದ್ದಿಲನ್ನು ಮಳೆ ತೊಳೆದಿತ್ತು. ಅಂಬಾದಾಸನ ತಲೆ ಪೂರ್ತಿ ಬೆಳ್ಳಗಾಗಿತ್ತು. ಅವನು ಗೋಣಿ ಹಾಸಿದ, ಆದರೆ ನೀರು ಬೇಕೇ ಎಂದು ಕೇಳಲಿಲ್ಲ, ತರಿಸಲೂ ಇಲ್ಲ. ನಾನೇ ಕೇಳಿದೆ. ಅವನು ಎದ್ದು ಕೊಡ ಇಳಿಬಿಟ್ಟು ಜಗ್ಗಿ, ತಂಬಿಗೆ ತುಂಬಿ ನನ್ನ ಕೈಗೆ ಕೊಟ್ಟು, ನಾನು ಕುಡಿಯುವುದನ್ನೇ ನೋಡುತ್ತ ನಿಂತ. ನೀರು ತಂಪಾಗಿತ್ತು, ಅದಕ್ಕೆ ಅದೇ ಹಸಿ ಮುರುಮಿನ ವಾಸನೆ ಇತ್ತು. ಖಾಲಿ ತಂಬಿಗೆಯನ್ನು ಅವನ ಕಡೆ ಚಾಚಿ, ಇನ್ನೊಂದು ಕೊಡಿ ಎಂದೆ.